ಸೆರಗಿನ ಹುಳ

"ಆ ತಂತಿ ಇನ್ನೂ ಯಾಕ ಇಟ್ಕೊಂಡೀರಿ ಅಕ್ಕಾರ, ಒಗೀರಿ ಅತ್ಲಾಗ. ಪ್ಲಾಸ್ಟಿಕ್ಕಿನವು ಬಂದಾವಲ್ಲ. ಒಮ್ಮೆ ಮುಟ್ಟೂದು, ಬುಟ್ಟಿಗೆ ಹಾಕೂದು."

ಹೀಗೆಂದವರು ಆಸ್ಪತ್ರೆಯ ಸ್ಟೋರಿನ ಬಸಣ್ಣೆಪ್ಪ. ಆ ತಂತಿ ಎಂದದ್ದು ನನ್ನನ್ನೇ.

"ಒಗಿಯೂದು ನನಗೂ ಬರತೈತ್ರಿ. ನೀವು ಪೊಟ್ಟಣಾ ಇಟ್ಟು, ಸಹಿ ಮಾಡಿಸ್ಕೊಂಡು ನಡೀರಿ," ಎಂದಳು ನೀಲಗಂಗಾ. ಅವಳು ಈ ಲ್ಯಾಬಿನ ಟೆಕ್ನೀಷಿಯನ್. ಬಸಣ್ಣೆಪ್ಪ ಹೋದ ಮೇಲೆ ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಒಗೆಯಲಿಲ್ಲ. ಹಾಗಂತ ಸ್ಟ್ಯಾಂಡಿಗೂ ಸಿಕ್ಕಿಸಲಿಲ್ಲ. ಮೇಜಿನ ಡ್ರಾವರಿನಲ್ಲಿ, ಒಣಗಿ ಬಿರಿದ ರಬ್ಬರ್ ಬ್ಯಾಂಡುಗಳ ಪಕ್ಕ ಮಲಗಿಸಿದಳು.

ಈ ಡ್ರಾವರು ಪೂರ್ತಿ ಮುಚ್ಚುವುದಿಲ್ಲ. ಮರ ಉಬ್ಬಿ ನಾಲ್ಕು ಬೆರಳಿನಷ್ಟು ಬಾಯಿ ತೆರೆದೇ ಇರುತ್ತದೆ. ಅಲ್ಲಿಂದ ಕೌಂಟರು, ಅದರಾಚೆ ಬಾಗಿಲು, ಬಾಗಿಲ ಪಕ್ಕದ ನಳ ಕಾಣುತ್ತವೆ. ಅಲ್ಲಿ ಬಂದು ನಿಲ್ಲುವವರ ಕೈ ಕಾಣುತ್ತದೆ, ಕೈಯಲ್ಲಿರುವ ಬಾಟಲಿ ಕಾಣುತ್ತದೆ. ಮಾತಂತೂ ಎಲ್ಲ ಕೇಳುತ್ತದೆ. ನನಗೆ ಓದು ಯಾರೂ ಕಲಿಸಲಿಲ್ಲ. ಬಂದದ್ದೆಲ್ಲ ಹೀಗೆ ಕೇಳಿಯೇ ಬಂದದ್ದು.

ನನ್ನಂಥವರಿಗೆ ಲೂಪು ಅನ್ನುತ್ತಾರೆ. ನೀವು ನೋಡಿರಲಿಕ್ಕಿಲ್ಲ. ಗೇಣಿಗಿಂತ ಚಿಕ್ಕ ತಂತಿ. ಒಂದು ತುದಿಗೆ ಹಿತ್ತಾಳೆಯ ಹಿಡಿ, ಇನ್ನೊಂದು ತುದಿಗೆ ಗೊಂಬೆಯ ಕೈಗೂ ಸಾಲದಷ್ಟು ಸಣ್ಣ ಬಳೆ. ಆ ಬಳೆಯನ್ನು ರೋಗಿಯ ಮೂತ್ರದಲ್ಲಿ ಅದ್ದಿ ಎತ್ತಿದರೆ ಒಂದು ಹನಿಯ ಐದನೇ ಪಾಲು ಅದರೊಳಗೆ ಪೊರೆಯಂತೆ ನಿಲ್ಲುತ್ತದೆ. ಅದನ್ನು ಕುರಿಯ ರಕ್ತ ಬೆರೆಸಿ ಹೆಪ್ಪುಗಟ್ಟಿಸಿದ ಗಾಜಿನ ತಟ್ಟೆಯ ಮೇಲೆ ಗೆರೆಗೆರೆಯಾಗಿ ಎಳೆದು, ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಂದು ದಿನ ಇಡುತ್ತಾರೆ. ಕಣ್ಣಿಗೆ ಕಾಣದಿದ್ದ ಬ್ಯಾಕ್ಟೀರಿಯ ಮರುದಿನಕ್ಕೆ ಲಕ್ಷಗಟ್ಟಲೆ ಮರಿ ಹಾಕಿ, ಒಂದೊಂದೂ ಸಾಸಿವೆ ಕಾಳಿನಂಥ ಚುಕ್ಕೆಯಾಗಿ ಕೂತಿರುತ್ತದೆ. ಈ ಕಡೆಯವರು ಬ್ಯಾಕ್ಟೀರಿಯ ಅನ್ನುವುದಿಲ್ಲ, ಹುಳ ಅನ್ನುತ್ತಾರೆ. ಆ ಒಂದು ಮಾತೇ ಮುಂದೆ ಎಂಥ ಅನಾಹುತ ಮಾಡಿತು ಎಂದು ಹೇಳುತ್ತೇನೆ, ಸ್ವಲ್ಪ ತಾಳಿ.

ನಾನು ಈ ಕೆಲಸಕ್ಕೆ ಹುಟ್ಟಿದವನಲ್ಲ. ಚಹಾ ಕಾಯಿಸುವ ಕರೆಂಟ್ ಒಲೆಯ ಸುರುಳಿಯಾಗಬೇಕೆಂದು ಹುಟ್ಟಿ, ಬಜಾರದ ಎಲೆಕ್ಟ್ರಿಕ್ ಅಂಗಡಿಯಲ್ಲಿ ಮೊಳೆಗೆ ನೇತಾಡುತ್ತಿದ್ದೆ. ಮುರಿಗೆಪ್ಪ ಮಾಸ್ತರು ಬಂದು, "ಎಷ್ಟು ಕೆಂಪಾದ್ರೂ ಕರಗಬಾರ್ದು ನೋಡಪಾ, ಅಂಥಾದ್ದು ಕೊಡು," ಎಂದು ನನ್ನನ್ನು ಬಿಡಿಸಿಕೊಂಡರು.

ಮಾಸ್ತರು ಎಂದರೆ ಶಾಲೆಯ ಮಾಸ್ತರಲ್ಲ. ಆಸ್ಪತ್ರೆಯಲ್ಲಿ ಗಾಜಿನ ಸಾಮಾನು ತೊಳೆಯಲು ಸೇರಿ, ನೋಡಿ ನೋಡಿ ಕಲಿತು, ಲ್ಯಾಬನ್ನೇ ನಡೆಸುವಷ್ಟಾದವರು. ಹೆಂಡತಿಯ ಸ್ವೆಟರ್ ಹೆಣೆಯುವ ಕಡ್ಡಿಗೆ ನನ್ನ ತುದಿಯನ್ನು ಸುತ್ತಿ ಬಳೆ ಮಾಡಿದರು. ಸ್ಪಿರಿಟ್ ದೀಪದ ಮೇಲೆ ಹಿಡಿದರು. ಕೆಂಪಾದೆ. "ಇದು ನಿನ್ನ ಜಳಕ," ಎಂದರು. ಅಂದಿನಿಂದ ಪ್ರತಿ ಬಾಟಲಿಗೆ ಮುಂಚೆ ಒಂದು ಜಳಕ, ಆಮೇಲೆ ಒಂದು. ಒಬ್ಬರ ಹುಳ ಇನ್ನೊಬ್ಬರ ತಟ್ಟೆಗೆ ನನ್ನಿಂದ ಹೋದದ್ದಿಲ್ಲ. ನನ್ನ ಜನ್ಮದಲ್ಲಿ ಹೇಳಿಕೊಳ್ಳುವಂಥದ್ದು ಅದೊಂದೇ.

ಆ ದಿನಗಳಲ್ಲಿ ನಗು ಇತ್ತು. ಬಸ್ ಕಂಡಕ್ಟರ್ ಒಬ್ಬ ಐದು ಲೀಟರ್ ಎಣ್ಣೆ ಡಬ್ಬಿಯ ತುಂಬ ತಂದು ಕೌಂಟರಿನ ಮೇಲೆ ಕುಕ್ಕಿದ. "ಇಷ್ಟ್ಯಾಕಪಾ?" ಎಂದರೆ, "ಎರಡು ದಿನ ಕೂಡಿಟ್ಟೇನ್ರಿ ಮಾಸ್ತರ, ಕಡಿಮಿ ಬಿದ್ದು ಮತ್ತ ಡಿಪೋಕ್ಕ ರಜಾ ಕೇಳೂದು ಬ್ಯಾಡಂತ," ಎಂದ. ಅಜ್ಜನೊಬ್ಬ ತಲೆಗೆ ಹಚ್ಚುವ ಎಣ್ಣೆಯ ಸೀಸೆಯಲ್ಲಿ ತಂದು, "ಘಮಾ ಘಮಾ ಅಂತೈತಿ ನೋಡ್ರಿ," ಎಂದು ತಾನೇ ಮೆಚ್ಚಿಕೊಂಡ. ಮಾಸ್ತರು ಯಾರನ್ನೂ ಬಯ್ಯುತ್ತಿರಲಿಲ್ಲ. ಮುಚ್ಚಳ ಹಾಕಿದ ಹೊಸ ಬಾಟಲಿ ಕೊಟ್ಟು, ಮೊದಲ ಧಾರೆ ಬಿಟ್ಟು ನಡುವಿನದು ಹಿಡಿಯಬೇಕು, ಬಾಟಲಿಯ ಒಳಗೆ ಬೆರಳು ತಾಗಬಾರದು ಎಂದು ಹೇಳಿ ಕಳಿಸುತ್ತಿದ್ದರು.

ನೀಲಗಂಗಾ ಕೆಲಸಕ್ಕೆ ಸೇರಿದಾಗ ಅವಳಿಗೆ ಹುಳಗಳ ಗುರುತು ಹೇಳಿಕೊಟ್ಟವರೂ ಅವರೇ. ಇದು ಲೋಳೆ, ಇದು ಮೀನು ವಾಸನೆಯದು, ಇದು ತಟ್ಟೆಯ ತುಂಬ ತೆರೆಯಂತೆ ಹರಡುತ್ತದೆ. ಲೆಕ್ಕವನ್ನೂ ಕಲಿಸಿದರು: ಒಂದು ಮಿಲಿಯಲ್ಲಿ ಲಕ್ಷಕ್ಕಿಂತ ಹೆಚ್ಚು ಹುಳ ಬೆಳೆದರೆ ಅದು ರೋಗ, ಬರೀ ನೂರೋ ಸಾವಿರವೋ ಆದರೆ ಸಾಮಾನ್ಯವಾಗಿ ಹೊರಗಿನ ಹೊಲಸು. ಕೊನೆಗೆ ಒಂದು ತಟ್ಟೆ ತೋರಿಸಿದರು. ಅದರಲ್ಲಿ ಹಳದಿ ಹೊಳಪಿನ ದುಂಡು ಚುಕ್ಕೆಗಳು.

"ಇಲ್ಲಿ ನೋಡವಾ ನೀಲಾ. ಇದು ಬಂಗಾರದ ಹುಳ. ಇದರ ಮನಿ ಮೂತ್ರ ಅಲ್ಲ. ಚರ್ಮದ ಮ್ಯಾಲ, ಮೂಗಿನಾಗ ಇರೂ ಹುಳ ಇದು. ಮೂತ್ರದಾಗ ಕಂಡ್ರ ಭಾಳ ಸರ್ತಿ ಹಿಡಿದವರ ಕೈದ್ದು ಇರತೈತಿ. ಆದ್ರ ಒಮ್ಮೊಮ್ಮೆ ಅದು ಮ್ಯಾಲಿಂದ ಇಳಿದು ಬಂದಿರತೈತಿ, ರಕ್ತದಾಗ ತುಂಬಿ, ಕಿಡ್ನಿಯಿಂದ ಸೋರಿ. ಅದಕ್ಕ ಇದೊಂದು ಹುಳದ ಮುಂದ ಲಕ್ಷದ ಲೆಕ್ಕ ಹಿಡೀಬ್ಯಾಡ. ಜ್ವರ ಐತೇನಂತ ಕೇಳು. ಐತಿ ಅಂದ್ರ ಡಾಕ್ಟರ್ ಕಡೆ ಹೋಗಿ, ರಕ್ತ ಕಳಸ್ರಿ ಅನ್ನು. ತಿಳೀತಿಲ್ಲೋ?"

"ತಿಳೀತ್ರಿ ಮಾಸ್ತರ."

ನಾನು ಅವರ ಕೈಯಲ್ಲೇ ಇದ್ದೆ. ನನಗೂ ತಿಳಿಯಿತು. ನಿವೃತ್ತಿಯ ದಿನ ನನ್ನನ್ನು ಅವಳ ಕೈಗೆ ಕೊಟ್ಟು, "ಕೈ ನಡುಗಿಸಬ್ಯಾಡ, ಅಷ್ಟ," ಎಂದು ಹೋದರು.

ನೀಲಗಂಗಾಳ ಕೈ ನಡುಗುವಂಥದ್ದಲ್ಲ. ಬಾಯೂ ಸುಮ್ಮನಿರುವಂಥದ್ದಲ್ಲ. ಬಂದವರೊಡನೆಲ್ಲ ಮಾತು: ನಿಮ್ಮೂರಿಗೆ ಬಸ್ಸು ಎಷ್ಟು ಗಂಟೆಗೆ, ಮಗಳ ಬಾಣಂತನ ಆಯ್ತಾ, ಈ ಕುಪ್ಪಸ ಯಾರು ಹೊಲಿದದ್ದು. ಮೂತ್ರದ ಬಾಟಲಿ ಹಿಡಿದು ನಾಚಿ ನಿಂತ ಹೆಂಗಸರು ಅವಳ ಮುಂದೆ ನಾಚಿಕೆ ಮರೆಯುತ್ತಿದ್ದರು. ಹತ್ತು ವರ್ಷ ಅವಳ ಕೈಯಲ್ಲಿ ಸುಖವಾಗಿದ್ದೆ.

ಕಸ್ತೂರವ್ವ ಬಂದದ್ದು ಆಮೇಲೆ, ಒಂದು ಸೋಮವಾರ. ಸೋಮವಾರ ಬಾಟಲಿಗಳು ಸಾಲುಗಟ್ಟಿರುತ್ತವೆ.

"ಅಕ್ಕಾರ, ಇದು ಹೆಣ್ಮಕ್ಕಳ ವಾರ್ಡಿನ ಗಂಗವ್ವಂದ್ರಿ. ನನ್ನ ನೆಗೆಣ್ಣಿ. ಆಕಿ ಸಣ್ಣಾಕಿ, ನಾ ದೊಡ್ಡಾಕಿ."

ಕಸ್ತೂರವ್ವ, ಗಂಗವ್ವ ಅಣ್ಣತಮ್ಮಂದಿರ ಹೆಂಡಂದಿರು. ಇಬ್ಬರೂ ಸೇರಿ ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದರು. ಅದನ್ನೆಲ್ಲ ಅವಳೇ ಹೇಳಿದಳು, ನೀಲಗಂಗಾ ಚೀಟಿ ಬರೆಯುವಷ್ಟರಲ್ಲಿ. ಗಂಗವ್ವನಿಗೆ ಐದು ದಿನದಿಂದ ಜ್ವರ. ಚಳಿ ಬಂದರೆ ಮಂಚ ನಡುಗುತ್ತದೆ, ಬೆನ್ನು ಹಿಡಿದುಕೊಂಡು ಅಳುತ್ತಾಳೆ. ಹಿಮ್ಮಡಿ ಬಿರುಕು ಬಿಟ್ಟು ಕೀವಾಗಿತ್ತು, ಅದು ಮಾತ್ರ ಈಗ ಒಣಗಿದೆ.

"ನಡುವಿನ ಧಾರಿ ಹಿಡಿದೀರಿಲ್ಲೋ?"

"ಹೌದ್ರಿ. ಬಾಟ್ಲಿ ಮೊದಲ ನಳದ ನೀರಾಗ ಎರಡು ಸರ್ತಿ ತೊಳಿದೆ. ಒಳಗೂ ಸೆರಗಿನ ಚುಂಗಿಲೆ ಛಂದಂಗ ಒರಸಿ, ಆಮ್ಯಾಲ ಹಿಡಿದೆ."

ನೀಲಗಂಗಾಳ ಪೆನ್ನು ನಿಂತಿತು. "ಯವ್ವಾ, ಅದನ್ನ ಯಾಕ ತೊಳಿದಿ? ಅದು ತೊಳದ ಬಾಟ್ಲೀನ ಐತಿ."

"ಮಂದಿ ತೊಳದದ್ದು ನಮಗ ನಂಬಿಗಿ ಇಲ್ರಿ," ಎಂದು ಕಸ್ತೂರವ್ವ ನಕ್ಕಳು. "ನಮ್ಮ ಮನಿ ರೊಟ್ಯಾಗ ಒಂದು ಕೂದಲಾ ಸಿಕ್ಕಿಲ್ಲ ಇವತ್ತಿನ ತನಕ. ಆಕಿ ಮೂತ್ರ ಅಂದ್ರೂ ನಮ್ಮ ಮನೀದಲ್ಲೇನ್ರಿ?"

ಆ ನಗುವಿಗೆ ನೀಲಗಂಗಾಳೂ ನಕ್ಕಳು. ಆ ಬಾಟಲಿಯನ್ನು ಅಲ್ಲೇ ತಿರಸ್ಕರಿಸಿ ಹೊಸದು ಕೊಡಬೇಕಿತ್ತು. ವಾರ್ಡು ದೂರ, ಬಿಸಿಲು, ಪಾಪ ಎಂದುಕೊಂಡು ಇಟ್ಟುಕೊಂಡಳು. ನಾನು ಮುಳುಗಿ ಎದ್ದೆ, ಗೆರೆ ಎಳೆದೆ, ಕೆಂಪಾದೆ.

ಮರುದಿನ ತಟ್ಟೆ ತೆಗೆದರೆ ಇಪ್ಪತ್ತಮೂರು ಚುಕ್ಕೆ. ಎಲ್ಲ ಬಂಗಾರ. ಬೇರೆ ಯಾವುದೂ ಇಲ್ಲ.

ಸೆರಗಿನಿಂದ ಬಂದದ್ದಾದರೆ ನಾಲ್ಕು ಥರದ ಹುಳ ಕಲೆಸಿಕೊಂಡು ಬರಬೇಕಿತ್ತು. ಬಟ್ಟೆಯಲ್ಲಿ ಒಂದೇ ಜಾತಿ ಇರುವುದಿಲ್ಲ. ಮಾಸ್ತರಿದ್ದರೆ ಅದನ್ನೇ ಹೇಳುತ್ತಿದ್ದರು. ಜ್ವರ ಇದೆ ಎಂದು ಆ ಹೆಂಗಸು ಕೇಳದೆಯೇ ಹೇಳಿ ಹೋಗಿದ್ದಳು. ಮಂಚ ನಡುಗುವ ಚಳಿ, ಬೆನ್ನು, ಹಿಮ್ಮಡಿಯ ಕೀವು, ಎಲ್ಲ ಹೇಳಿದ್ದಳು. ನೀಲಗಂಗಾ ತಟ್ಟೆಯನ್ನು ಓರೆ ಮಾಡಿ ಒಂದು ಗಳಿಗೆ ನೋಡಿದಳು. ನೆನಪಾಗುತ್ತದೆ, ಈಗ ನೆನಪಾಗುತ್ತದೆ ಎಂದು ನಾನು ಕಾದೆ. ನನಗೆ ಬರುವ ಮಾತು ಒಂದೇ, ಕೆಂಪಾಗುವುದು. ದೀಪದಲ್ಲಿ ಇಟ್ಟರೆ ತಾನೆ ಅದಾದರೂ.

"ಸೆರಗಿಲೆ ಒರಸ್ಯಾಳಲ್ಲ, ಮತ್ತೇನ ಬರತೈತಿ," ಎಂದು ತನಗೆ ತಾನೇ ಅಂದುಕೊಂಡಳು. ಲಕ್ಷದ ಲೆಕ್ಕಕ್ಕೆ ಇಪ್ಪತ್ತಮೂರು ಚುಕ್ಕೆ ಎಲ್ಲಿ ಸಾಲಬೇಕು, ಮಿಲಿಗೆ ಎರಡು ಸಾವಿರದ ಚಿಲ್ಲರೆ ಆಗುತ್ತದೆ, ಅಷ್ಟೇ. ರಿಪೋರ್ಟಿನಲ್ಲಿ, ಹೊರಗಿನ ಹೊಲಸು ಸೇರಿದೆ, ಮತ್ತೊಮ್ಮೆ ಕಳಿಸಿ ಎಂದು ಬಾಯಲ್ಲಿ ಅಂದುಕೊಳ್ಳುತ್ತಲೇ ಬರೆದು ಸಹಿ ಮಾಡಿದಳು.

ಕಸ್ತೂರವ್ವ ಬಂದಾಗ ಕಾಗದ ಕೊಟ್ಟು, ನಗುತ್ತಲೇ ಹೇಳಿದಳು. "ನೋಡು, ನಿನ್ನ ಸೆರಗಿನ ಹುಳ ಬಂದೈತಿ ಬಾಟ್ಲ್ಯಾಗ. ಈ ಸರ್ತಿ ಮುಟ್ಟದಂಗ ತೊಗೊಂಡು ಬಾ."

"ನನ್ನ ಸೆರಗಿನಾಗ ಹುಳ?" ಕಸ್ತೂರವ್ವ ಸೆರಗನ್ನು ಮುಂದೆ ಎಳೆದು ನೋಡಿಕೊಂಡಳು. ಅವಳಿಗೆ ಹುಳ ಎಂದರೆ ಜೋಳದಲ್ಲಿ ಆಗುವ ಹುಳ, ಹರಿದಾಡುವಂಥದ್ದು. "ದಿನಾ ಒಗಿತೇನ್ರಿ ಅಕ್ಕಾರ," ಎಂದಳು. ಆ ಸಲ ನಗಲಿಲ್ಲ.

ಎರಡನೇ ಬಾಟಲಿ ಬರುವಷ್ಟರಲ್ಲಿ ಗಂಗವ್ವನಿಗೆ ಎರಡು ದಿನ ಇಂಜೆಕ್ಷನ್ ಬಿದ್ದಿತ್ತು. ಮದ್ದು ತುಂಬಿದ ಮೂತ್ರದಲ್ಲಿ ಹುಳ ಎದ್ದು ಬರುವುದಿಲ್ಲ. ತಟ್ಟೆ ಸ್ವಚ್ಛ. ಅದನ್ನು ನೋಡಿ ಎಲ್ಲರಿಗೂ ಸಮಾಧಾನ. ಜ್ವರವೂ ಇಳಿದಿತ್ತು. ಗುಳಿಗೆ ಕೊಟ್ಟು ಮನೆಗೆ ಕಳಿಸಿದರು. ಹೋಗುವಾಗ ಕಸ್ತೂರವ್ವ ಕೌಂಟರಿಗೆ ಬಂದು, ಪೇಪರಿನಲ್ಲಿ ಸುತ್ತಿದ ನಾಲ್ಕು ರೊಟ್ಟಿ ಇಟ್ಟಳು. "ತೊಳದ ಕೈಲೆ ಬಡದೇನ್ರಿ," ಎಂದಳು. ನೀಲಗಂಗಾ ಮಧ್ಯಾಹ್ನ ಅದನ್ನೇ ಉಂಡಳು.

ಮನೆಗೆ ಹೋದ ಒಂಬತ್ತನೇ ದಿನ ಗಂಗವ್ವನನ್ನು ಮತ್ತೆ ತಂದರು. ಮೇಲುಸಿರು. ಈ ಸಲ ಡಾಕ್ಟರು ರಕ್ತವನ್ನೇ ಕಳಿಸಿದರು. ರಕ್ತದ ಬಾಟಲಿ ಮರುದಿನವೇ ಮಬ್ಬಾಯಿತು, ಅಂದರೆ ಒಳಗೆ ಹುಳ ಬೆಳೆದಿತ್ತು. ಅದರಿಂದ ತೆಗೆದ ಹನಿಯನ್ನು ನಾನೇ ತಟ್ಟೆಗೆ ಎಳೆದೆ. ಬೆಚ್ಚಗಿನ ಪೆಟ್ಟಿಗೆಯಿಂದ ಆ ತಟ್ಟೆಯನ್ನು ತೆಗೆದ ನೀಲಗಂಗಾ ಸ್ಟೂಲಿನ ಮೇಲೆ ಕೂತುಬಿಟ್ಟಳು. ಬಂಗಾರ ಎಣಿಸಲಾಗದಷ್ಟು ಇತ್ತು. ಹಳೆಯ ದಾಖಲೆ ತೆಗೆದಳು. ಇಪ್ಪತ್ತಮೂರು ಎಂದು ತಾನೇ ಬರೆದ ಅಂಕಿಯ ಮೇಲೆ ಬೆರಳಿಟ್ಟು ನೋಡಿದಳು. ಆಮೇಲೆ ಎದ್ದು ಡಾಕ್ಟರ ಹತ್ತಿರ ಹೋಗಿ, ಅವತ್ತು ಮೂತ್ರದಲ್ಲಿ ಬಂದದ್ದೂ ಇದೇ ಹುಳ ಎಂದು ಹೇಳಿ ಬಂದಳು. ಹೃದಯದ ಕವಾಟವನ್ನು ಅದು ಆಗಲೇ ತಿಂದು ಹಾಕಿತ್ತು. ಮೂರನೇ ದಿನ ಗಂಗವ್ವ ತೀರಿಕೊಂಡಳು.

ಅವಳ ಮುಖ ನಾನು ಕಂಡಿಲ್ಲ. ಅವಳ ಮೂತ್ರ, ಅವಳ ರಕ್ತ, ಎರಡೂ ನನ್ನ ಬಳೆಯೊಳಗೆ ನಿಂತಿದ್ದವು. ಇಷ್ಟು ಹತ್ತಿರ ಅವಳ ಗಂಡನೂ ಹೋಗಿರಲಾರ. ಹತ್ತಿರ ಹೋಗಿ ಏನು ಬಂತು.

ಹದಿನೈದು ದಿನ ಬಿಟ್ಟು ಕಸ್ತೂರವ್ವ ಕೌಂಟರಿಗೆ ಬಂದಳು. ಕೈಯಲ್ಲಿ ಆ ಮೊದಲ ರಿಪೋರ್ಟು, ಮಡಿಸಿ ಮಡಿಸಿ ನಾಲ್ಕು ತುಂಡಾಗುವಂತಿತ್ತು.

"ಅಕ್ಕಾರ, ಒಂದು ಮಾತು ಕೇಳತೇನಿ, ಸುಳ್ಳ ಹೇಳಬ್ಯಾಡ್ರಿ. ಮೂತ್ರದಾಗಿನ ಹುಳ, ರಕ್ತದಾಗಿನ ಹುಳ ಎರಡೂ ಒಂದ ಅಂತ ಡಾಕ್ಟರು ಅಂದ್ರು. ಹೌದೇನ್ರಿ?"

"ಹೌದವಾ."

"ಮೂತ್ರದಾಗ ಬಂದದ್ದು ನನ್ನ ಸೆರಗಿಂದು ಅಂದಿದ್ರಿ."

ನೀಲಗಂಗಾ ಕೌಂಟರು ಸುತ್ತಿ ಹೊರಗೆ ಬಂದಳು. ಹತ್ತು ವರ್ಷದಲ್ಲಿ ಯಾರಿಗೋಸ್ಕರವೂ ಹಾಗೆ ಬಂದದ್ದಿಲ್ಲ.

"ಕಸ್ತೂರವ್ವ, ಇಲ್ಲಿ ಕೇಳು. ನಿನ್ನ ಸೆರಗಿನಾಗ ಏನೂ ಇರಲಿಲ್ಲ. ಆ ಹುಳ ಆಕಿ ಹಿಮ್ಮಡಿಯಿಂದ ಮೊದಲ ರಕ್ತಕ್ಕ ಸೇರಿತ್ತು. ರಕ್ತದಿಂದ ಇಳಿದು ಮೂತ್ರಕ್ಕ ಬಂತು. ನಾ ಗುರ್ತು ಹಿಡೀಬೇಕಿತ್ತು, ಹಿಡೀಲಿಲ್ಲ. ನಿನ್ನ ಸೆರಗಿನ ಮ್ಯಾಲ ಹಾಕಿದೆ. ತಪ್ಪು ನಂದು."

ಕಸ್ತೂರವ್ವ ಅವಳ ಮುಖವನ್ನೇ ನೋಡಿದಳು. ಮಗು ಸುಳ್ಳು ಹೇಳುವಾಗ ತಾಯಿ ನೋಡುವ ಹಾಗೆ.

"ನೀವು ಭಾಳ ಒಳ್ಳೆವ್ರು ಅಕ್ಕಾರ. ಅದಕ್ಕ ಹಂಗ ಅಂತೀರಿ."

"ಒಳ್ಳೆಕಿ ಅಂತ ಅಲ್ಲವಾ, ಖರೇ ಹೇಳತೇನಿ."

"ನೀವ ಬರದೀರಲ್ಲ. ಪಕ್ಕದ ಮನಿ ಹುಡುಗಿ ಕಡೆ ಓದಿಸೇನಿ. ಹೊರಗಿನ ಹೊಲಸು ಸೇರೈತಿ ಅಂತ ಐತಿ. ಕೆಳಗ ನಿಮ್ಮ ಸಹಿ ಐತಿ." ಕಾಗದವನ್ನು ಮತ್ತೆ ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು. "ಜ್ವರದಾಗ ಆಕಿ ಮಾರಿ ಒರಸಿದ್ದೂ ಅದ ಸೆರಗಿಲೇರಿ."

ಹೇಳಿದ ಮಾತನ್ನು ಬರೆದ ಮಾತು ಸುಳ್ಳು ಮಾಡಿತು. ನೀಲಗಂಗಾ ತನ್ನಲ್ಲಿ ಇದ್ದ ನಿಜವನ್ನೆಲ್ಲ ಕೊಟ್ಟಾಗಿತ್ತು. ಅದು ಕಸ್ತೂರವ್ವನಿಗೆ ಬರೀ ಕರುಣೆಯಾಗಿ ಕಂಡಿತ್ತು.

ಅಂದಿನಿಂದ ನೀಲಗಂಗಾ ಕೌಂಟರಿನಲ್ಲಿ ಮಾತು ಕಡಿಮೆ ಮಾಡಿದಳು. ಬಾಟಲಿ, ಹೆಸರು, ವಾರ್ಡು, ಅಷ್ಟೇ. ಹುಳ ಎಂಬ ಮಾತನ್ನಂತೂ ಬಿಟ್ಟೇಬಿಟ್ಟಳು. ಯಾರ ಮೂತ್ರದಲ್ಲಿ ಒಂದೇ ಒಂದು ಬಂಗಾರದ ಚುಕ್ಕೆ ಕಂಡರೂ ಡಾಕ್ಟರ ಹತ್ತಿರ ಹೋಗುತ್ತಾಳೆ. "ಇದು ಕೈದ್ದು ಇರಬಹುದಲ್ಲ ನೀಲಗಂಗಾ," ಎಂದು ಅವರು ಬೇಸರಪಟ್ಟರೂ ರಕ್ತ ತೆಗೆಸದೆ ಬಿಡುವುದಿಲ್ಲ. ಹಾಗೆ ಹೋದದ್ದರಿಂದ ಯಾರಾದರೂ ಉಳಿದಿರಬಹುದು. ಉಳಿದವರು ಲ್ಯಾಬಿಗೆ ಬಂದು ಹೇಳುವುದಿಲ್ಲ, ಹಾಗಾಗಿ ನನಗೆ ಗೊತ್ತಿಲ್ಲ. ಗೊತ್ತಿರುವುದು ಒಬ್ಬಳದು ಮಾತ್ರ.

ಆಮೇಲೆ ಪ್ಲಾಸ್ಟಿಕ್ಕಿನವು ಬಂದವು, ನಾನು ಈ ಡ್ರಾವರಿಗೆ ಬಂದೆ. ಅವು ಒಮ್ಮೆ ಮುಟ್ಟಿ ಸಾಯುತ್ತವೆ. ಅವಕ್ಕೆ ಇವತ್ತಿನ ಬಾಟಲಿಯೇ ಗೊತ್ತು, ನಿನ್ನೆಯದಿಲ್ಲ. ನನ್ನನ್ನು ಸಾವಿರಾರು ಸಲ ಕೆಂಪಗೆ ಕಾಯಿಸಿದರೂ ಆ ಸೋಮವಾರದ ಹನಿ ಸುಟ್ಟುಹೋಗಿಲ್ಲ. ಎಲ್ಲವನ್ನೂ ಸುಡುತ್ತದೆ ಎಂದು ಬೆಂಕಿಯನ್ನು ನಂಬಿದ್ದೆ. ಮುಟ್ಟಿದ್ದು ಸುಟ್ಟಿತು, ತಿಳಿದದ್ದು ಸುಡಲಿಲ್ಲ. ತಿಳಿದೂ ಹೇಳಲಾರದ್ದಕ್ಕೆ ಮುಪ್ಪು ಕೂಡ ಬೇಗ ಬರುವುದಿಲ್ಲ ನೋಡಿ. ತುಕ್ಕು ಹಿಡಿಯದ ಲೋಹ ನಾನು.

ಇವತ್ತು ಬೆಳಿಗ್ಗೆ ಕೌಂಟರಿನ ಮೇಲೆ ಒಂದು ಕ್ಯಾರಿಬ್ಯಾಗು ಬಂದು ಕೂತಿತು. ಒಳಗೆ ಬಾಟಲಿ. ಚೀಲದ ಹಿಡಿಯನ್ನು ಎರಡೇ ಬೆರಳಿನಲ್ಲಿ ಹಿಡಿದ ಕೈ. ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿತ್ತು, ಒಂದು ಚುಂಗೂ ಹೊರಗಿರಲಿಲ್ಲ. ದನಿ ಕೇಳಿದ ಮೇಲೆ ಗುರುತು ಸಿಕ್ಕಿತು.

"ನಮ್ಮ ಅತ್ತೀದ್ರಿ ಇದು. ತೊಳದಿಲ್ಲ, ಒರಸಿಲ್ಲ. ನಾ ಮುಟ್ಟೇ ಇಲ್ಲ, ನರ್ಸ್ ಕೈಲೆ ಹಿಡಿಸೇನ್ರಿ," ಎಂದಳು ಕಸ್ತೂರವ್ವ. ಕೇಳುವ ಮೊದಲೇ ಹೇಳಿದಳು.

"ರೊಟ್ಟಿ ಹೆಂಗ ನಡದೈತವಾ?" ಎಂದಳು ನೀಲಗಂಗಾ. ಬಹಳ ದಿನದ ಮೇಲೆ ಅವಳು ಯಾರನ್ನೋ ಏನನ್ನೋ ಕೇಳಿದ್ದು.

"ಬಿಟ್ಟು ಒಂದು ವರ್ಷಾತ್ರಿ. ನನ್ನ ಕೈಯಾಂದು ಮಂದಿಗೆ ಹೆಂಗ ಉಣ್ಣಾಕ ಕೊಡ್ಲಿ?"

"ನಾ ಉಂಡೇನಲ್ಲವಾ. ನಾಲ್ಕೂ ನಾನ ಉಂಡೆ. ಏನಾತು ನನಗ?"

ಕಸ್ತೂರವ್ವ ಚೀಲವನ್ನು ಮುಂದಕ್ಕೆ ಸರಿಸಿದಳು. ನೀಲಗಂಗಾ ಚೀಲದಿಂದ ಬಾಟಲಿ ತೆಗೆದಳು. ಹೊರಮೈ ಒದ್ದೆಯಾಗಿತ್ತು, ಹೆಸರಿನ ಚೀಟಿ ಜಾರುತ್ತಿತ್ತು. ಮೇಜಿನ ಮೇಲೆ ಹತ್ತಿ ಇತ್ತು. ಅದನ್ನು ಮುಟ್ಟದೆ, ಬಿಳಿ ಕೋಟಿನ ಒಳಗಿಂದ ತನ್ನ ಸೆರಗನ್ನೇ ಎಳೆದು ಬಾಟಲಿಯನ್ನು ಒರೆಸತೊಡಗಿದಳು.

"ನೋಡು, ನಾನೂ ಸೆರಗಿಲೇ ಒರಸತೇನಿ."

"ಬ್ಯಾಡ್ರಿ ಅಕ್ಕಾರ," ಎಂದಳು ಕಸ್ತೂರವ್ವ, ಮೆಲ್ಲಗೆ.

ಕೌಂಟರಿನ ಮೇಲಿಂದ ಎರಡು ಬೆರಳು ಚಾಚಿ ಆ ಸೆರಗನ್ನು ನೀಲಗಂಗಾಳ ಕೈಯಿಂದ ಬಿಡಿಸಿದಳು. ಸುರುಳಿ ಸುತ್ತಿ ಅವಳ ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಬಾಗಿಲ ಪಕ್ಕದ ನಳದ ಕೆಳಗೆ ಆ ಎರಡು ಬೆರಳನ್ನು ತೊಳೆದು, ಎಲ್ಲಿಯೂ ಒರೆಸಿಕೊಳ್ಳದೆ, ನೀರು ತೊಟ್ಟಿಕ್ಕುತ್ತಿದ್ದ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ವಾರ್ಡಿನ ಕಡೆ ನಡೆದಳು.